ಅಂಗಾರಾ ಎರಡು ದಿನ ನಿಂತದ್ದು ಯಾಕೆ? ರಾಕೆಟ್ ಇಂಧನದ ಕೆಲಸ ಮಾಡಿದವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೈಸ್ಕೂಲ್ ವಿಜ್ಞಾನ ಶಿಕ್ಷಕರು, ಹಾಸನ): ನಮಸ್ಕಾರ ಸರ್. ರಷ್ಯಾದ ಅಂಗಾರಾ-ಎ5 ರಾಕೆಟ್ ವೊಸ್ಟೋಚ್ನಿ ಉಡಾವಣಾ ಕೇಂದ್ರದಿಂದ ಮೊದಲ ಸಲ ಹಾರಿದ್ದು 2024ರ ಏಪ್ರಿಲ್ 11ಕ್ಕೆ. ಅದು 9ಕ್ಕೇ ಹಾರಬೇಕಿತ್ತು, ನಿಂತಿತು. 10ಕ್ಕೂ ನಿಂತಿತು. ಆದರೆ ಇದೇ ರಾಕೆಟ್ 2014ರಲ್ಲೇ ರಷ್ಯಾದ ಇನ್ನೊಂದು ಉಡಾವಣಾ ಕೇಂದ್ರ ಪ್ಲೆಸೆಟ್ಸ್ಕ್‌ನಿಂದ ಹಾರಿತ್ತಂತೆ. ಅಷ್ಟು ಹಿಂದೆಯೇ ಹಾರಿದ ರಾಕೆಟ್‌ಗೆ ಮತ್ತೆ ಇಷ್ಟು ಪರದಾಟ ಯಾಕೆ? ತರಗತಿಯಲ್ಲಿ ಮಕ್ಕಳು ಕೇಳಿದರು. ಸರಿಯಾಗಿ ಹೇಳಲು ನನಗೆ ಆಗಲಿಲ್ಲ.

ಉತ್ತರ: ನಮಸ್ಕಾರ ಮೇಷ್ಟ್ರೇ. ರಾಕೆಟ್‌ಗೆ ದ್ರವ ಇಂಧನ ತುಂಬುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ.

ರಾಕೆಟ್ ಹಾರಿ ಪಳಗಿದ್ದು ಎನ್ನುವುದು ನಿಜ. ಅದಕ್ಕೂ ಮೊದಲು 2014, 2020, 2021, ಮೂರೂ ಸಲ ಡಿಸೆಂಬರ್‌ನಲ್ಲಿ ಪ್ಲೆಸೆಟ್ಸ್ಕ್‌ನಿಂದ ಹಾರಿತ್ತು. ಮೂರನೆಯ ಸಲ ಮೇಲಿನ ಹಂತ ಕೈಕೊಟ್ಟಿತು, ಆದರೆ ಕೆಳಗಿನ ರಾಕೆಟ್ ತನ್ನ ಕೆಲಸ ಮಾಡಿತ್ತು. ವೊಸ್ಟೋಚ್ನಿಯಲ್ಲಿ ಹೊಸದಾಗಿದ್ದದ್ದು ನೆಲ. ಉಡಾವಣಾ ಕಟ್ಟೆ, ಇಂಧನದ ಟ್ಯಾಂಕು, ಪೈಪು, ವಾಲ್ವು, ಕೇಬಲ್ಲು, ಕಂಪ್ಯೂಟರು ಎಲ್ಲವೂ ಹೊಸದು. ರಾಕೆಟ್ ನಿಲ್ಲುವ ಭಾರಿ ಉಕ್ಕಿನ ಪೀಠವನ್ನು ದೂರದ ಸೆವೆರೋದ್ವಿನ್ಸ್ಕ್‌ನಲ್ಲಿ ಮಾಡಿ, ಹಡಗಿನಲ್ಲಿ ಉತ್ತರದ ಹಿಮಸಮುದ್ರ ದಾಟಿಸಿ ತಂದರು. ಅಂಥ ಕಟ್ಟೆಯ ಮೇಲೆ ಅಂಗಾರಾ ಮೊದಲ ಸಲ ನಿಂತಿತ್ತು.

ಇಂಧನ ತುಂಬುವುದನ್ನೇ ತೆಗೆದುಕೊಳ್ಳಿ. ಅಂಗಾರಾ-ಎ5ರ ಕೆಳಗಡೆ ಒಂದೇ ಥರದ ಐದು ಘಟಕಗಳಿವೆ. ನಡುವೆ ಒಂದು, ಸುತ್ತ ನಾಲ್ಕು. ಒಂದೊಂದಕ್ಕೂ ಒಂದು ಆರ್‌ಡಿ-191 ಇಂಜಿನ್. ಹೊರಡುವಾಗ ತೂಕ ಸುಮಾರು 770 ಟನ್. ಅದರಲ್ಲಿ ಬಹುಪಾಲು ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ. ಸೀಮೆಎಣ್ಣೆ ತುಂಬುವುದು ಅಷ್ಟು ಕಷ್ಟವಲ್ಲ. ಕಾಟ ಕೊಡುವುದು ಆಮ್ಲಜನಕ. ಅದು ಮೈನಸ್ 183 ಡಿಗ್ರಿಯಲ್ಲಿ ಕುದಿಯುತ್ತದೆ. ಮಾಮೂಲಿ ಬಿಸಿಯಲ್ಲಿರುವ ಪೈಪಿಗೆ ಅದನ್ನು ಬಿಟ್ಟರೆ, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಚಟಚಟ ಎಂದು ಆವಿಯಾಗುತ್ತದೆ. ಅದಕ್ಕೆ ಮೊದಲು ಸ್ವಲ್ಪ ಸ್ವಲ್ಪವೇ ಬಿಟ್ಟು ಪೈಪನ್ನೇ ತಣ್ಣಗೆ ಮಾಡಬೇಕು. ಆಮೇಲೆ ನಿಧಾನ, ಆಮೇಲೆ ಜೋರು. ತುಂಬಿದ ಮೇಲೂ ಆವಿಯಾಗುತ್ತಲೇ ಇರುತ್ತದೆ. ಹೊರಡುವ ಹೊತ್ತಿನವರೆಗೂ ಕಡಿಮೆಯಾದಷ್ಟನ್ನು ಸುರಿಯುತ್ತಲೇ ಇರಬೇಕು.

ತಣ್ಣಗಾದಾಗ ಲೋಹ ಕುಗ್ಗುತ್ತದೆ. ಬೆಳಿಗ್ಗೆ ಸೋರದಿದ್ದ ಜೋಡಣೆ ಆಮ್ಲಜನಕ ಬಂದ ಮೇಲೆ ಸೋರಬಹುದು. ಸರಾಗವಾಗಿ ಆಡುತ್ತಿದ್ದ ವಾಲ್ವು ಹಿಡಿದುಕೊಳ್ಳಬಹುದು. ಒಂದೊಂದು ಕಟ್ಟೆಗೂ ಅದರದ್ದೇ ಗುಣ ಇರುತ್ತದೆ. ತಣ್ಣನೆಯ ಆಮ್ಲಜನಕ ಹರಿಯುವವರೆಗೆ ಅದು ಯಾರಿಗೂ ಪೂರ್ತಿ ಗೊತ್ತಾಗುವುದಿಲ್ಲ. ಇದಕ್ಕೆಂದೇ ರಷ್ಯನ್ನರು ಹಾರದ ಅಂಗಾರಾ ಒಂದನ್ನು ಮಾಡಿಕೊಂಡಿದ್ದರು. ಅಳತೆಯೆಲ್ಲ ನಿಜವಾದದ್ದರ ಹಾಗೇ. ಅದನ್ನು ಕಟ್ಟೆಗೆ ತಂದು, ನಿಲ್ಲಿಸಿ, ತಾಲೀಮು ಮಾಡಿದರು. ಎಷ್ಟು ತಾಲೀಮು ಮಾಡಿದರೂ ಕೊನೆಯ ಕೆಲವು ನಿಮಿಷ ನಿಜವಾಗಿ ಬರುವುದು ನಿಜವಾದ ಉಡಾವಣೆಯ ದಿನ ಮಾತ್ರ.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ, ಶಿರಸಿ): ಸರ್, ಆ ಎರಡು ದಿನ ನಿಜವಾಗಿ ಏನಾಯಿತು? "ಟ್ಯಾಂಕಿನ ಒತ್ತಡದ ಸಮಸ್ಯೆ" ಎಂದು ಓದಿದೆ. ತುಂಬಿದ ಟ್ಯಾಂಕಿಗೆ ಮತ್ತೆ ಯಾಕೆ ಒತ್ತಡ ಕೊಡಬೇಕು?

ಉತ್ತರ: ಒಳ್ಳೆಯ ಪ್ರಶ್ನೆ ಮಗಳೇ. ನಿಮ್ಮ ಕಡೆ ತೋಟಕ್ಕೆ ಪಂಪ್‌ಸೆಟ್ ಇರುತ್ತದಲ್ವಾ? ಬಾವಿಯಲ್ಲಿ ನೀರು ಕೆಳಗಿಳಿದಾಗ ಮೋಟಾರ್ "ಏರ್ ಹಿಡೀತು" ಎನ್ನುತ್ತಾರೆ. ಮೋಟಾರ್ ತಿರುಗುತ್ತದೆ, ನೀರು ಬರುವುದಿಲ್ಲ. ಹಾಗೇ ಬಿಟ್ಟರೆ ಪಂಪ್ ಹಾಳು.

ರಾಕೆಟ್ ಇಂಜಿನ್‌ನಲ್ಲೂ ಪಂಪ್ ಇದೆ. ಒಂದು ಆರ್‌ಡಿ-191ಕ್ಕೆ ಸೆಕೆಂಡಿಗೆ ಸುಮಾರು 600 ಕಿಲೋ ಸೀಮೆಎಣ್ಣೆ ಮತ್ತು ಆಮ್ಲಜನಕ ಬೇಕು. ಪಂಪ್ ಅಷ್ಟು ಜೋರಾಗಿ ಎಳೆದಾಗ ಅದರ ಬಾಯಲ್ಲಿ ಒತ್ತಡ ಇಳಿಯುತ್ತದೆ. ಆಮ್ಲಜನಕ ಮೊದಲೇ ಕುದಿಯುವ ಅಂಚಿನಲ್ಲಿರುತ್ತದೆ. ಒತ್ತಡ ಸ್ವಲ್ಪ ಇಳಿದರೂ ಗುಳ್ಳೆ ಏಳುತ್ತದೆ. ಗುಳ್ಳೆ ನುಂಗಿದ ಪಂಪ್ ಭಾರವಿಲ್ಲದೆ ಹುಚ್ಚಾಪಟ್ಟೆ ತಿರುಗುತ್ತದೆ, ಒಡೆಯುತ್ತದೆ. ಸುತ್ತ ಇರುವುದು ಆಮ್ಲಜನಕ, ಅದರಲ್ಲಿ ಲೋಹವೇ ಹೊತ್ತಿಕೊಳ್ಳಬಹುದು. ಹೀಗಾಗದಿರಲು, ಇಂಜಿನ್ ಹೊತ್ತಿಸುವ ಮೊದಲು ಟ್ಯಾಂಕಿನ ಮೇಲ್ಭಾಗಕ್ಕೆ ಅನಿಲ ತುಂಬಿ ದ್ರವವನ್ನು ಕೆಳಕ್ಕೆ ಒತ್ತಿ ಹಿಡಿಯುತ್ತಾರೆ.

ಏಪ್ರಿಲ್ 9ಕ್ಕೆ ಕೈಕೊಟ್ಟದ್ದು ಇದೇ. ನಡುವಿನ ಘಟಕದ ಆಮ್ಲಜನಕ ಟ್ಯಾಂಕಿನ ಒತ್ತಡ ವ್ಯವಸ್ಥೆಯಲ್ಲಿ ದೋಷ ಎಂದು ಆಗ ರಷ್ಯಾದ ಬಾಹ್ಯಾಕಾಶ ಸಂಸ್ಥೆ ರೋಸ್‌ಕಾಸ್ಮೋಸ್‌ನ ಮುಖ್ಯಸ್ಥರಾಗಿದ್ದ ಯೂರಿ ಬೋರಿಸೋವ್ ಹೇಳಿದರು. ಹೊರಡಲು ಸುಮಾರು ಎರಡು ನಿಮಿಷ ಇದ್ದಾಗ ಯಂತ್ರವೇ ಎಲ್ಲವನ್ನೂ ನಿಲ್ಲಿಸಿತು. ಮರುದಿನ ಇಂಜಿನ್ ಚಾಲೂ ಮಾಡುವ ನಿಯಂತ್ರಣ ವ್ಯವಸ್ಥೆ ತಕರಾರು ಮಾಡಿತು. 11ಕ್ಕೆ ಎಲ್ಲ ಸರಿಹೋಯಿತು.

ಇದನ್ನು ಸೋಲು ಎಂದು ಬರೆದವರನ್ನು ನೋಡಿ ನನಗೆ ಬೇಸರವಾಯಿತು. ನಮ್ಮ ಇಸ್ರೋದ ಜಿಎಸ್‌ಎಲ್‌ವಿ ರಾಕೆಟ್‌ನ ಮೊದಲ ಹಾರಾಟ ನೆನಪಿದೆಯಾ? 2001ರ ಮಾರ್ಚ್ 28. ಪಕ್ಕದ ನಾಲ್ಕು ದ್ರವ ಇಂಜಿನ್‌ಗಳು ಹೊತ್ತಿಕೊಂಡವು. ಒಂದರಲ್ಲಿ ಬೇಕಾದಷ್ಟು ಬಲ ಬರಲಿಲ್ಲ. ಕಂಪ್ಯೂಟರ್ ತಕ್ಷಣ ನಾಲ್ಕನ್ನೂ ಆರಿಸಿತು. ನಡುವಿನ ಘನ ಇಂಧನ ಹೊತ್ತಿದ್ದರೆ ಆರಿಸಲು ಆಗುತ್ತಲೇ ಇರಲಿಲ್ಲ. ಅದೇ ರಾಕೆಟ್ ಏಪ್ರಿಲ್ 18ಕ್ಕೆ ಹಾರಿತು. ಅದರ ತುದಿಯಲ್ಲಿದ್ದ ಕ್ರಯೋಜೆನಿಕ್ (ಅತಿ ತಣ್ಣನೆಯ ದ್ರವ ಇಂಧನದ) ಹಂತ ಬಂದಿದ್ದು ಅಂಗಾರಾ ಮಾಡುವ ಕ್ರುನಿಚೆವ್ ಸಂಸ್ಥೆಯಿಂದಲೇ.

ಪ್ರಶ್ನೆ (ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು): ಸರ್, ಪೈಪು ವಾಲ್ವಿನ ಮಾತು ಅರ್ಥವಾಯಿತು. ಸಾಫ್ಟ್‌ವೇರ್‌ಗೆ ಯಾವ ಕಟ್ಟೆಯಾದರೇನು? ಅದೇ ಕೋಡ್ ತಾನೆ?

ಉತ್ತರ: ಹಾಗೆ ಅಂದುಕೊಂಡಿದ್ದಕ್ಕೇ ಇದೇ ವೊಸ್ಟೋಚ್ನಿಯಲ್ಲಿ ದೊಡ್ಡ ನಷ್ಟವಾಗಿದೆ. 2017ರ ನವೆಂಬರ್ 28ರಂದು ಅಲ್ಲಿಂದ ಸೊಯುಜ್ ರಾಕೆಟ್ ಹಾರಿತು. ಮೆಟಿಯೊರ್-ಎಂ ಹವಾಮಾನ ಉಪಗ್ರಹ, ಜೊತೆಗೆ 18 ಪುಟ್ಟ ಉಪಗ್ರಹಗಳು. ರಾಕೆಟ್‌ನಲ್ಲಿ ದೋಷವಿರಲಿಲ್ಲ. ಮೇಲಿನ ಫ್ರೆಗಾಟ್ ಹಂತವೂ ಬೇರೆ ಕಡೆಗಳಿಂದ ಎಷ್ಟೋ ಸಲ ಹಾರಿತ್ತು. ಆದರೆ ಈ ಹೊಸ ಕಟ್ಟೆ ಮತ್ತು ಈ ದಿಕ್ಕು ಒಟ್ಟಿಗೆ ಬಂದಾಗ ಅದರ ಲೆಕ್ಕ ತಪ್ಪಿತು. ಅಲ್ಲಿಯವರೆಗೆ ಆ ತಪ್ಪು ಕೋಡ್ ಒಳಗೆ ಕಾಣದೆ ಕೂತಿತ್ತು. ಫ್ರೆಗಾಟ್ ತಪ್ಪು ದಿಕ್ಕಿಗೆ ತಿರುಗಿ ಇಂಜಿನ್ ಹೊತ್ತಿಸಿತು. ಎಲ್ಲವೂ ಅಟ್ಲಾಂಟಿಕ್ ಪಾಲಾಯಿತು.

ಬರೀ ಕೋಡ್ ಅಲ್ಲ, ಕೈಕೆಲಸವೂ ಅಷ್ಟೇ. 2013ರ ಜುಲೈ 2ರಂದು ಬೈಕನೂರ್ ಉಡಾವಣಾ ಕೇಂದ್ರದಲ್ಲಿ ರಷ್ಯಾದ ಪ್ರೋಟಾನ್ ರಾಕೆಟ್ ಮೇಲೆದ್ದು ಕೆಲವೇ ಕ್ಷಣಗಳಲ್ಲಿ ಮಗುಚಿ ಬಿತ್ತು. ತಿರುಗುವಿಕೆ ಅಳೆಯುವ ಕೆಲವು ಸೆನ್ಸರ್‌ಗಳನ್ನು ತಲೆಕೆಳಗಾಗಿ ಕೂರಿಸಿದ್ದರು.

ಪ್ರಶ್ನೆ (ಗುಂಪಿನ ಸದಸ್ಯರು, ಮಂಗಳೂರು): ಬೈಕನೂರ್, ಪ್ರೋಟಾನ್ ಎರಡೂ ಇರುವಾಗ ಇಷ್ಟು ಖರ್ಚು ಮಾಡಿ ಅಂಗಾರಾ, ವೊಸ್ಟೋಚ್ನಿ ಯಾಕೆ ಬೇಕಿತ್ತು?

ಉತ್ತರ: ಸೋವಿಯತ್ ಒಕ್ಕೂಟ ಒಡೆದ ಮೇಲೆ ಬೈಕನೂರ್ ಕಜಕಿಸ್ತಾನಕ್ಕೆ ಸೇರಿತು. ರಷ್ಯಾ ವರ್ಷಕ್ಕೆ 11.5 ಕೋಟಿ ಡಾಲರ್ ಬಾಡಿಗೆ ಕಟ್ಟುತ್ತದೆ. ಪ್ರೋಟಾನ್ ಇಂಧನವಂತೂ ಕಡು ವಿಷ. ರಾಕೆಟ್ ಬಿದ್ದ ಜಾಗದ ಮಣ್ಣೂ ಕೆಡುತ್ತದೆ. ಸೀಮೆಎಣ್ಣೆ, ಆಮ್ಲಜನಕದ ರಾಕೆಟ್‌ನಲ್ಲಿ ಆ ಭಯ ಇಲ್ಲ. ನಮ್ಮ ಇಸ್ರೋ ಮಹೇಂದ್ರಗಿರಿಯಲ್ಲಿ ಪರೀಕ್ಷಿಸುತ್ತಿರುವ ಸೆಮಿಕ್ರಯೋ ಇಂಜಿನ್‌ಗೂ ಇದೇ ಜೋಡಿ. ಪ್ಲೆಸೆಟ್ಸ್ಕ್ ರಷ್ಯಾದ ನೆಲದಲ್ಲೇ ಇದೆ, ಆದರೆ ತೀರಾ ಉತ್ತರಕ್ಕೆ. ವೊಸ್ಟೋಚ್ನಿ ಸಮಭಾಜಕಕ್ಕೆ ಅದಕ್ಕಿಂತ ಹತ್ತಿರ. ಭೂಮಿಯ ತಿರುಗುವಿಕೆಯ ನೆರವು ಅಲ್ಲಿ ಸ್ವಲ್ಪ ಜಾಸ್ತಿ ಸಿಗುತ್ತದೆ.

ಪ್ರಶ್ನೆ (ಹಾಸನದ ಶಿಕ್ಷಕರು): ತುಂಬಾ ಧನ್ಯವಾದ ಸರ್. ಪಂಪ್‌ಸೆಟ್ ಉದಾಹರಣೆಯನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಕೊನೆಯದೊಂದು. ಆ ಹಾರಾಟದಲ್ಲಿ ದೊಡ್ಡ ಉಪಗ್ರಹ ಇರಲಿಲ್ಲವಂತೆ, ಸುಮ್ನೆ ತೂಕ ಇಟ್ಟಿದ್ದರಂತೆ. ನಿಜವೇ?

ಉತ್ತರ: ನಿಜ ಮೇಷ್ಟ್ರೇ. ಉಪಗ್ರಹದಷ್ಟು ತೂಗುವ ಹೊರೆ, ಜೊತೆಗೆ ಗಗಾರಿನೆಟ್ಸ್ ಎಂಬ ಒಂದು ಪುಟಾಣಿ ಉಪಗ್ರಹ, ಅಷ್ಟೇ. ದೊಡ್ಡ ಉಪಗ್ರಹ ಮಾಡಲು ಎಷ್ಟೋ ವರ್ಷ ಹಿಡಿಯುತ್ತದೆ. ಹೊಸ ಕಟ್ಟೆಯ ಮೊದಲ ಹಾರಾಟಕ್ಕೆ ಅದನ್ನು ಒಡ್ಡುವುದಿಲ್ಲ. ಹಾಗಂತ ಖಾಲಿ ಹಾರಿಸಲೂ ಆಗುವುದಿಲ್ಲ. ತೂಕವಿಲ್ಲದಿದ್ದರೆ ರಾಕೆಟ್‌ನ ವೇಗ, ಅದುರಾಟ ಎರಡೂ ಬೇರೆಯೇ ಆಗುತ್ತವೆ. ಬಂದ ಲೆಕ್ಕ ಮುಂದಿನ ಹಾರಾಟಕ್ಕೆ ಉಪಯೋಗಕ್ಕೆ ಬರುವುದಿಲ್ಲ. ನಾಳೆ ಮಕ್ಕಳು ಹೊಸದೇನಾದರೂ ಕೇಳಿದರೆ ಇಲ್ಲೇ ಬರೆಯಿರಿ.