ಉಗಾಲಿ ಮುದ್ದೆಯೇ? ಮನಾಗು ವಿಷವೇ? ಪೂರ್ವ ಆಫ್ರಿಕಾದ ಊಟದ ಬಗ್ಗೆ ನಿಮ್ಮ ಪ್ರಶ್ನೆ, ಡಯಟಿಶಿಯನ್ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ನೈರೋಬಿಯಲ್ಲಿ ಡಯಟಿಶಿಯನ್, ಊರು ತುಮಕೂರಿನ ಕಡೆ. ಈ ಭಾನುವಾರ ಇಲ್ಲಿನ ಹಳೆಯ ಊಟ, ಸೊಪ್ಪು, ಧಾನ್ಯಗಳ ಬಗ್ಗೆ ಮಾತ್ರ ಕೇಳಿ ಅಂದಿದ್ದೆ. ಪ್ರೋಟೀನ್ ಪುಡಿ ಬಗ್ಗೆ ಕೇಳಿದವರಿಗೆ ಇನ್ನೊಂದು ದಿನ ಉತ್ತರಿಸುತ್ತೇನೆ.

ಪ್ರಶ್ನೆ (ನೈರೋಬಿ): ಮೇಡಂ, ನಮ್ಮ ಯಜಮಾನರಿಗೆ 48 ವರ್ಷ. ಶುಗರ್ ಬಂದು ಎರಡು ವರ್ಷವಾಯಿತು. ಆಫೀಸ್ ಕ್ಯಾಂಟೀನಿನಲ್ಲಿ ದಿನಾ ಮಧ್ಯಾಹ್ನ ಉಗಾಲಿ ತಿನ್ನುತ್ತಾರೆ. ಕೇಳಿದರೆ "ಇದೂ ನಮ್ಮ ಮುದ್ದೆ ಥರಾನೇ ಅಲ್ವಾ, ಶುಗರಿಗೆ ಒಳ್ಳೆಯದು" ಅನ್ನುತ್ತಾರೆ. ಹೌದಾ?

ಉತ್ತರ: ನೋಡಲು ಮುದ್ದೆ, ಮುರಿದು ಅದ್ದಿ ತಿನ್ನುವುದೂ ಮುದ್ದೆಯ ಹಾಗೇ. ಆದರೆ ಕ್ಯಾಂಟೀನಿನ ಉಗಾಲಿ ಬಿಳಿ ಮೆಕ್ಕೆಜೋಳದ ಹಿಟ್ಟಿನದು. ಅಂಗಡಿಯ ಪ್ಯಾಕೆಟ್ ಹಿಟ್ಟಿನಲ್ಲಿ ಹೊಟ್ಟನ್ನೂ ಮೊಳಕೆಯ ಭಾಗವನ್ನೂ ತೆಗೆದಿರುತ್ತಾರೆ. ಉಳಿಯುವುದು ಬಹುಪಾಲು ಪಿಷ್ಟ. ಶುಗರ್ ಇರುವವರಿಗೆ ಅದು ಬಿಳಿ ಅನ್ನದ ಲೆಕ್ಕವೇ.

ಒಂದು ತಮಾಷೆ ಗೊತ್ತಾ? ಮೆಕ್ಕೆಜೋಳ ಇಲ್ಲಿನ ಬೆಳೆಯೇ ಅಲ್ಲ. ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಆಫ್ರಿಕಾಕ್ಕೆ ಬಂತು. ಕೀನ್ಯಾದಲ್ಲಿ ಅದು ದಿನದ ಊಟವಾದದ್ದು ಬ್ರಿಟಿಷರ ಆಳ್ವಿಕೆಯಲ್ಲಿ. ಅದಕ್ಕೂ ಮುಂಚೆ ಇಲ್ಲಿನವರ ಹಿಟ್ಟು ಅಂದರೆ ವಿಂಬಿ ಮತ್ತು ಮ್ತಾಮ. ವಿಂಬಿ ಅಂದರೆ ನಮ್ಮ ರಾಗಿ, ಮ್ತಾಮ ಅಂದರೆ ಬಿಳಿಜೋಳ. ರಾಗಿಯ ತವರೇ ಇಥಿಯೋಪಿಯಾ, ಉಗಾಂಡದ ಎತ್ತರದ ನಾಡು. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ಹಾಗಾಗಿ ನಿಮ್ಮ ಯಜಮಾನರು ಮುದ್ದೆ ತಿನ್ನಬೇಕೆಂದರೆ ಊರಿಂದ ಸೂಟ್‌ಕೇಸಿನಲ್ಲಿ ರಾಗಿಹಿಟ್ಟು ತರಿಸಬೇಕಾಗಿಲ್ಲ. ಮಾರ್ಕೆಟ್ಟಿನಲ್ಲಿ ಇಡೀ ವಿಂಬಿ ಕೊಳ್ಳಿ, ಕಲ್ಲು ಆರಿಸಿ, ತೊಳೆದು ಒಣಗಿಸಿ, ಹತ್ತಿರದ ಪೋಶೋ ಮಿಲ್ಲಿನಲ್ಲಿ ಬೀಸಿಸಿ. ಪ್ಯಾಕೆಟ್ ತಗೊಂಡರೆ ಹಿಂದಿನ ಸಣ್ಣ ಅಕ್ಷರ ಓದಿ. ಗಂಜಿಗೆಂದು ಮಾರುವ ಹಿಟ್ಟಿನಲ್ಲಿ ಮೆಕ್ಕೆಜೋಳ, ಮರಗೆಣಸು, ಸೋಯಾ ಎಲ್ಲ ಬೆರೆತಿರುತ್ತವೆ.

ಇನ್ನು ಖಾರದ ಮಾತು. ರಾಗಿ ಔಷಧಿ ಅಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರು ಚೆನ್ನಾಗಿದೆ, ಎಲ್ಲ ಸರಿ. ಆದರೆ ಮೂರನೇ ಎರಡು ಪಾಲು ಕಾರ್ಬೋಹೈಡ್ರೇಟೇ. ತಾತ ಹೊಲ ಉತ್ತು ಬಂದು ಎರಡು ಮುದ್ದೆ ಉಂಡರೆ ಅರಗುತ್ತಿತ್ತು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ 60 ಗ್ರಾಂ ಹಿಟ್ಟಿನ ಒಂದು ಮುದ್ದೆ ಸಾಕು. ಅದರ ಜೊತೆ ತಟ್ಟೆಯ ಅರ್ಧ ಸೊಪ್ಪು ತರಕಾರಿ, ಒಂದು ಸೌಟು ಕಾಳು ಇರಲಿ. ಕ್ಯಾಂಟೀನಿನಲ್ಲೇ ತಿನ್ನಬೇಕಾದರೆ ಉಗಾಲಿ ಮುಷ್ಟಿಯಷ್ಟು ಹಾಕಿಸಿ, ಸುಕುಮಾ ವಿಕಿ ಸೊಪ್ಪಿನ ಪಲ್ಯ ಎರಡು ಪಾಲು ಕೇಳಲಿ. ಮಾತ್ರೆ ಹೆಚ್ಚುಕಡಿಮೆ ಮಾಡುವುದು ಡಾಕ್ಟರ ಕೆಲಸ. ಊಟ ಬದಲಾಯಿಸುತ್ತೀರಿ ಅಂತ ಅವರಿಗೂ ಹೇಳಿ.

ಅದೇ ಪ್ರಶ್ನೆಯವರು: ಗಂಜಿ ಮಾಡಿ ಕುಡಿದರೆ ಇನ್ನೂ ಹಗುರ ಅಲ್ವಾ ಮೇಡಂ?

ಉತ್ತರ: ಶುಗರಿಗೆ ತಿರುಗುಮುರುಗು. ತೆಳ್ಳಗಿನ ಗಂಜಿ ಬೇಗ ಇಳಿಯುತ್ತದೆ, ಸಕ್ಕರೆ ಬೇಗ ಏರುತ್ತದೆ. ಇಲ್ಲಿನ ಊಜಿಗೆ, ಅಂದರೆ ಗಂಜಿಗೆ, ಸಕ್ಕರೆಯನ್ನೂ ಸುರಿಯುತ್ತಾರೆ. ಕುಡಿಯಲೇಬೇಕೆಂದರೆ ಹಿಟ್ಟನ್ನು ರಾತ್ರಿ ನೆನೆಸಿ ಹುಳಿ ಬರಿಸಿ ಮಾಡಿ, ಸಕ್ಕರೆ ಬೇಡ. ಹುಳಿ ಬಂದರೆ ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುತ್ತದೆ.

ಪ್ರಶ್ನೆ (ನಕುರು): ಅಕ್ಕಾ, ನನಗೆ ಹಿಮೋಗ್ಲೋಬಿನ್ 9.6. ನಮ್ಮ ಮಾಮಾ ಮ್ಬೋಗಾ (ಸೊಪ್ಪು ತರಕಾರಿ ಮಾರುವವಳು) "ಮನಾಗು ಸೊಪ್ಪು ತಿನ್ನಿ" ಅನ್ನುತ್ತಾಳೆ. ಊರಿಂದ ಬಂದಿರುವ ಅತ್ತೆ ನೋಡಿ "ಇದು ವಿಷ, ಮುಟ್ಟಬೇಡ" ಅಂದರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಅರ್ಧರ್ಧ ನಿಜ. ಮನಾಗು ಅಂದರೆ ನಮ್ಮ ಗಣಿಕೆ ಸೊಪ್ಪಿನ ಬಳಗದ್ದು. ಅದರ ಹಸಿರು ಕಾಯಿ ತಿನ್ನಬಾರದು, ಅತ್ತೆಯವರಿಗೆ ಆ ಭಯ ಇರಬೇಕು. ಎಳೆ ಎಲೆ ಬೇಯಿಸಿ ತಿನ್ನುವುದಕ್ಕೆ ಏನೂ ತೊಂದರೆ ಇಲ್ಲ. ತೊಗರಿಬೇಳೆ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿ, ಅತ್ತೆಗೆ ಮೊದಲು ಬಡಿಸಿ.

ಸುತ್ತ ಇನ್ನೂ ಇವೆ. ತೆರೆರೆ ಅಂದರೆ ದಂಟಿನ ಸೊಪ್ಪಿನ ಬಳಗ. ಕುಂಡೆ ಅಂದರೆ ಅಲಸಂದೆಯ ಎಲೆ. ನಾವು ಅಲಸಂದೆಯ ಕಾಳು, ಕಾಯಿ ತಿಂದು ಎಲೆಯನ್ನು ದನಕ್ಕೆ ಹಾಕುತ್ತೇವೆ, ಇವರು ಎಲೆಯನ್ನೇ ಊಟ ಮಾಡಿದರು. ಮ್ರೆಂಡಾ ಲೋಳೆ ಲೋಳೆ, ಬಸಳೆ ಇಷ್ಟಪಡುವವರಿಗೆ ಹಿಡಿಸುತ್ತದೆ. ಈ ಸೊಪ್ಪುಗಳನ್ನೆಲ್ಲ ಬಹಳ ಕಾಲ ಕಳೆ, ಬಡವರ ಊಟ ಅಂತ ತಳ್ಳಿದ್ದರು. ಮೇರಿ ಅಬುಕುಟ್ಸ ಒನ್ಯಾಂಗೊ ಅನ್ನುವ ಕೀನ್ಯಾದ ಪ್ರೊಫೆಸರ್ ವರ್ಷಗಟ್ಟಲೆ ಇವುಗಳ ಬೀಜ, ಬೇಸಾಯ, ಪೋಷಕಾಂಶಗಳ ಮೇಲೆ ಕೆಲಸ ಮಾಡಿದರು. ಈಗ ಸೂಪರ್ ಮಾರ್ಕೆಟ್ಟಿನಲ್ಲೂ ಕಟ್ಟು ಕಟ್ಟಾಗಿ ಸಿಗುತ್ತವೆ.

ನಿಮ್ಮ ಹಿಮೋಗ್ಲೋಬಿನ್ ಲೆಕ್ಕಕ್ಕೆ ಸೊಪ್ಪು ಯಾವುದು ಅನ್ನುವುದಕ್ಕಿಂತ ಮಾಡುವ ರೀತಿ ಮುಖ್ಯ. ಬೇಗ ಮೆತ್ತಗಾಗಲಿ ಅಂತ ಕೆಲವರು ಮಗಾಡಿ ಸೋಡಾ ಹಾಕುತ್ತಾರೆ. (ಮಗಾಡಿ ಅನ್ನುವ ಕೆರೆಯಿಂದ ಬರುವ ಸೋಡಾ ಅದು, ನಮ್ಮ ಮಾಗಡಿಗೂ ಅದಕ್ಕೂ ನಂಟಿಲ್ಲ.) ಅದು ವಿಟಮಿನ್ ಸಿಯನ್ನು ಹಾಳು ಮಾಡುತ್ತದೆ, ಬಿಪಿ ಇದ್ದವರಿಗೆ ಸೋಡಿಯಂ ಬೇರೆ. ಹತ್ತು ನಿಮಿಷ ಬೇಯಿಸಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಕಹಿ ಹೋಗಲಿ ಅಂತ ಇಲ್ಲಿ ಹಾಲು ಹಾಕುವುದುಂಟು, ರುಚಿ ನಿಜಕ್ಕೂ ಚೆನ್ನ. ರಕ್ತ ಕಡಿಮೆ ಇರುವಾಗ ಮಾತ್ರ ಹಾಲಿನ ಬದಲು ಟೊಮ್ಯಾಟೊ ಹಾಕಿ. ಊಟವಾದ ಕೂಡಲೇ ಚಾಯ್ ಕುಡಿಯುವುದನ್ನು ನಿಲ್ಲಿಸಿ, ಒಂದು ಗಂಟೆಯಾದರೂ ಬಿಡಿ. 9.6ಕ್ಕೆ ಬರೀ ಸೊಪ್ಪು ಸಾಲದು, ಕಾರಣ ಪರೀಕ್ಷೆ ಮಾಡಿಸಿ. ಡಾಕ್ಟರ್ ಮಾತ್ರೆ ಕೊಟ್ಟರೆ ನುಂಗಿ.

ಮಾಮಾ ಮ್ಬೋಗಾ ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿಕೊಡುತ್ತಾಳೆ, ನನಗೂ ಆಸೆಯೇ. ಆದರೂ ಇಡೀ ಕಟ್ಟು ತಂದು, ತೊಳೆದು, ಆಮೇಲೆ ಹೆಚ್ಚಿ.

ಪ್ರಶ್ನೆ (ಕಂಪಾಲಾ): ಮತೋಕೆ (ಬೇಯಿಸಿದ ಬಾಳೆಕಾಯಿ) ಜೊತೆ ಕಡಲೆಕಾಯಿಯ ಗಟ್ಟಿ ಸಾರು ವಾರಕ್ಕೆ ನಾಲ್ಕು ದಿನ ಮಾಡುತ್ತೇವೆ. ಮಾರ್ಕೆಟ್ಟಿನಲ್ಲಿ ಕಡಲೆಕಾಯಿ ಪುಡಿ ಸಿದ್ಧವಾಗಿ ಸಿಗುತ್ತದೆ. ಒಳ್ಳೆಯದಾ?

ಉತ್ತರ: ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಬಾಳೆಕಾಯಿಗೆ ನನ್ನ ತಕರಾರಿಲ್ಲ. ಎಣ್ಣೆಯಿಲ್ಲ, ಇನ್ನೇನು ಬೇಕು. ನನಗೆ ಚಿಂತೆ ಪುಡಿಯದು. ಬಿಸಿ, ತೇವ ಇರುವ ಕಡೆ ಕೂಡಿಟ್ಟ ಕಡಲೆಕಾಯಿ, ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಯಕೃತ್ತಿಗೆ ಕೆಟ್ಟದ್ದು, ಕುದಿಸಿದರೂ ಹೋಗುವುದಿಲ್ಲ. 2004ರಲ್ಲಿ ಕೀನ್ಯಾದ ಪೂರ್ವಭಾಗದಲ್ಲಿ, ಮಕುವೇನಿ, ಕಿಟುಯಿ ಕಡೆ, ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 125 ಜನ ಸತ್ತರು. ಪುಡಿ ಮಾಡಿಬಿಟ್ಟರೆ ಕೆಟ್ಟ ಬೀಜ ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಇಡೀ ಬೀಜ ಕೊಳ್ಳಿ. ಸುಕ್ಕಾದದ್ದು, ಬಣ್ಣ ಕೆಟ್ಟದ್ದು, ಬೂಷ್ಟು ಹಿಡಿದದ್ದನ್ನೆಲ್ಲ ಆರಿಸಿ ಎಸೆಯಿರಿ. ಹುರಿದು ಸ್ವಲ್ಪ ಸ್ವಲ್ಪವೇ ಪುಡಿ ಮಾಡಿಕೊಳ್ಳಿ. ನಾಲ್ಕು ದಿನ ಇದ್ದದ್ದು ಎರಡು ದಿನವಾಗಲಿ, ಉಳಿದ ದಿನ ಹುರುಳಿಕಾಯಿ ಬೀಜವೋ ಅಲಸಂದೆಯೋ ಮಾಡಿ.

ಪ್ರಶ್ನೆ (ಅಡಿಸ್ ಅಬಾಬ): ನಾನು ಸಸ್ಯಾಹಾರಿ, ಹೊಸದಾಗಿ ಬಂದಿದ್ದೇನೆ. ಹೋಟೆಲಿನಲ್ಲಿ ಏನು ತಿನ್ನಲಿ?

ಉತ್ತರ: ನೀವೇ ಪುಣ್ಯವಂತರು! ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸದ ದಿನ. ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. "ತ್ಸೋಮ್" ಊಟ ಅಂತ ಕೇಳಿ. ಒಂದೇ ತಟ್ಟೆಯಲ್ಲಿ ಇಂಜೆರಾ, ಅದರ ಮೇಲೆ ಮಸೂರ್ ಬೇಳೆಯ ವೊತ್ ಅನ್ನುವ ಗಟ್ಟಿ ಸಾರು, ಕಡಲೆಹಿಟ್ಟಿನ ಶಿರೊ, ಎಲೆಕೋಸು, ಸೊಪ್ಪು ಬರುತ್ತವೆ. ಇಂಜೆರಾ ಅಂದರೆ ತೆಫ್ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ ಹುಯ್ಯುವ ದೊಡ್ಡ ದೋಸೆ. ಕಂದು ಬಣ್ಣದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಹಗಲು ಖಾಲಿ ಹೊಟ್ಟೆಯಲ್ಲಿದ್ದು ಸಂಜೆ ಮೂರು ಇಂಜೆರಾ ಹಾಕಬೇಡಿ, ಅಷ್ಟೇ. ಬಿ12 ಮಾತ್ರ ಇದರಲ್ಲೂ ಇಲ್ಲ, ರಾಗಿಯಲ್ಲೂ ಇಲ್ಲ. ಹಾಲು ಮೊಸರು ಕಡಿಮೆಯಿದ್ದರೆ ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ (ಕಿಸುಮು, ಊರು ಮಲ್ಪೆ): ಇಲ್ಲಿ ಒಮೆನಾ ಅಂತ ಸಣ್ಣ ಒಣಮೀನು ಸಿಗುತ್ತದೆ. ನಮ್ಮ ಒಣ ಮೀನಿನ ಚಟ್ನಿ ಮಾಡಬಹುದಾ? ಬಿಪಿ ಇದೆ.

ಉತ್ತರ: ಧಾರಾಳವಾಗಿ ಮಾಡಿ. ಮುಳ್ಳಿನ ಸಮೇತ ತಿನ್ನುವುದರಿಂದ ಕ್ಯಾಲ್ಸಿಯಂ ಸಿಗುತ್ತದೆ. ಉಪ್ಪು ಹಾಕದೆ ಬಿಸಿಲಿಗೆ ಒಣಗಿಸಿದ್ದನ್ನೇ ಕೇಳಿ ತಗೊಳ್ಳಿ. ಮರಳು ಇರುತ್ತದೆ, ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಕರಿಯಬೇಡಿ, ಹುರಿಯಿರಿ.

ಪ್ರಶ್ನೆ (ಮೊಂಬಾಸಾ): ಮಕ್ಕಳು ಕೆಂಪಗಿನ ಮಬುಯು ದಿನಾ ತಿನ್ನುತ್ತಾರೆ. "ಹಣ್ಣು ತಾನೇ ಅಮ್ಮಾ" ಅನ್ನುತ್ತಾರೆ.

ಉತ್ತರ: ನಾಲಿಗೆ ನೋಡಿ, ಉತ್ತರ ಅಲ್ಲೇ ಇದೆ! ಒಳಗಿರುವುದು ಬಾವೋಬಾಬ್ ಹಣ್ಣಿನ ತಿರುಳು ಮೆತ್ತಿದ ಬೀಜ. ತಿರುಳಿನಲ್ಲಿ ವಿಟಮಿನ್ ಸಿ, ನಾರು ಎರಡೂ ಜಾಸ್ತಿ. ಮೇಲಿನದು ಸಕ್ಕರೆ ಪಾಕ ಮತ್ತು ಬಣ್ಣ. ಮಾರ್ಕೆಟ್ಟಿನಲ್ಲಿ ಬಣ್ಣ ಹಾಕದ ಬಿಳಿ ತಿರುಳು ಸಿಗುತ್ತದೆ. ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ಚೂರು ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡಿಕೊಡಿ. ಹುಣಸೆಹಣ್ಣಿನ ಪಾನಕದ ಹಾಗೇ ಇರುತ್ತದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಠದ ಅಂಗಳದಲ್ಲಿ ಭಾರೀ ಮರಗಳಿವೆಯಲ್ಲ, ಅವು ಇದೇ ಜಾತಿ. ಅಲ್ಲಿನವರು ಅದನ್ನು ದೊಡ್ಡ ಹುಣಸೆ ಅಂತಲೇ ಕರೆಯುತ್ತಾರೆ.

ಮೊಂಬಾಸಾದವರು: ನಮ್ಮ ತವರು ಸವಣೂರೇ ಮೇಡಂ! ಆ ಮರದ ಕೆಳಗೆ ಆಡಿದ್ದೇನೆ, ಇದೇ ಹಣ್ಣು ಅಂತ ಗೊತ್ತೇ ಇರಲಿಲ್ಲ. ನಾಳೆಯೇ ಪಾನಕ ಮಾಡುತ್ತೇನೆ.