ಶೆಡ್‌ನ ಸ್ಟೀಲ್ ಗೋಡೆಗೆ ಮತ್ತೆ ಬಣ್ಣ: ಸಹಾಯ ಬೇಕು

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಮಷಿನ್ ಶಾಪ್ ಇದೆ. ಹೊರಗೋಡೆಯ ಕಲರ್ ಕೋಟೆಡ್ ಸ್ಟೀಲ್ ಶೀಟ್ ಬಿಸಿಲಿಗೆ ಮಾಸಿದೆ. ಕೈಯಿಟ್ಟರೆ ಸುಣ್ಣದ ಹಾಗೆ ಪುಡಿ ಅಂಟುತ್ತದೆ. ಕತ್ತರಿಸಿದ ಅಂಚಿಗೆ, ಸ್ಕ್ರೂ ಸುತ್ತ ತುಕ್ಕು. ಕೆಲವು ಕಡೆ ಬಣ್ಣ ಎದ್ದು ಒಳಗಿನ ಸತುವಿನ ಲೇಪ ಕಾಣುತ್ತಿದೆ.

ಒಬ್ಬ ಪೇಂಟರ್ ಸುಮ್ನೆ ನೀರು ಹೊಡೆದು ಆಯಿಲ್ ಪೇಂಟ್ ಬಳಿಯೋಣ ಅನ್ನುತ್ತಾರೆ. ಸತುವಿನ ಮೇಲೆ ಅದನ್ನು ನೇರ ಬಳಿದರೆ ಅಡಿಯಲ್ಲಿ ಸೋಪಿನಂಥ ಪದರ ಆಗಿ ಸುಲಿದು ಬರುತ್ತದೆ, ಅಲ್ವಾ? ಇನ್ನೊಬ್ಬರು ತುಕ್ಕು ಉಜ್ಜಿ ತೆಗೆದು ಎಪಾಕ್ಸಿ ಪ್ರೈಮರ್ (ಗಟ್ಟಿಯಾಗಿ ಅಂಟುವ ಅಡಿಬಣ್ಣ), ಮೇಲೆ ಪಾಲಿಯುರೆಥೇನ್ (ಬಿಸಿಲು ತಡೆಯುವ ಮೇಲ್ಬಣ್ಣ) ಬಳಿಯೋಣ ಅನ್ನುತ್ತಾರೆ. ನನಗೂ ಇದೇ ಸರಿ ಅನ್ನಿಸುತ್ತದೆ, ಆದರೆ ಖರ್ಚು ಜಾಸ್ತಿ.

ಎಪಾಕ್ಸಿ ಇಡೀ ಗೋಡೆಗೆ ಬೇಕಾ, ತುಕ್ಕು ಹಿಡಿದ ಕಡೆ ಮಾತ್ರ ಸಾಕಾ? ಜೂನ್ ಮಳೆಗೆ ಮುಂಚೆ ಮುಗಿಸಬೇಕು. ಹುಬ್ಬಳ್ಳಿ-ಬೆಳಗಾವಿ ಕಡೆ ಈ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ.