ಒಂದು ಕಪ್ ಮೈದಾ ಅಂದರೆ 120 ಗ್ರಾಮೋ, 150 ಗ್ರಾಮೋ?

ಪ್ರಶ್ನೆ:
ಕೇಕ್ ರೆಸಿಪಿಯಲ್ಲಿ ಎಲ್ಲವೂ ಕಪ್ ಲೆಕ್ಕದಲ್ಲಿದೆ. ನನ್ನ ಹತ್ತಿರ ತೂಕದ ಮೆಷಿನ್ ಇದೆ, ಗ್ರಾಂಗೆ ಬದಲಾಯಿಸಿಕೊಳ್ಳೋಣ ಅಂತ ಹುಡುಕಿದೆ. ಮೈದಾಗೆ ಒಂದು ಕಡೆ ಕಪ್‌ಗೆ 120 ಗ್ರಾಂ ಅಂತಿದೆ, ಇನ್ನೊಂದು ಕಡೆ 150. ಸಕ್ಕರೆಗೆ ಹೆಚ್ಚುಕಡಿಮೆ ಎಲ್ಲರೂ 200 ಅನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ 1:
ಕಪ್ ಅಂದರೆ 240 ಎಂಎಲ್, ಅಂದರೆ 240 ಗ್ರಾಂ ಅಲ್ವಾ? ಎಲ್ಲದಕ್ಕೂ ಅಷ್ಟೇ ಹಾಕಿದರೆ ಆಗುವುದಿಲ್ಲವಾ?

ಉತ್ತರ 2:
ದಯವಿಟ್ಟು ಹಾಗೆ ಮಾಡಬೇಡಿ. ಅದು ನೀರಿನ ಲೆಕ್ಕ. ಹಾಲಿಗೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಅದೇ ಕಪ್‌ನಲ್ಲಿ ಜೇನುತುಪ್ಪ ಸುಮಾರು 340 ಗ್ರಾಂ ತೂಗುತ್ತದೆ, ಅಡುಗೆ ಎಣ್ಣೆ 220ರ ಆಸುಪಾಸು.

ಮೈದಾ ವಿಷಯಕ್ಕೆ ಬಂದರೆ, ನೀವು ನೋಡಿದ ಎರಡು ಅಂಕಿಯೂ ಸರಿ. ಹಿಟ್ಟಿನ ನಡುವೆ ಗಾಳಿ ಇರುತ್ತದೆ. ಎಷ್ಟು ಗಾಳಿ ಅನ್ನುವುದು ನೀವು ಕಪ್ ತುಂಬಿಸುವ ರೀತಿಯ ಮೇಲೆ ಹೋಗುತ್ತದೆ. ಚಮಚದಲ್ಲಿ ಸಡಿಲವಾಗಿ ಹಾಕುತ್ತಾ ಹೋಗಿ, ಚಾಕುವಿನ ಬೆನ್ನಿನಿಂದ ಮೇಲಿನದನ್ನು ಸವರಿ ತೆಗೆದರೆ 120ರಿಂದ 125 ಗ್ರಾಂ. ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ತೆಗೆದರೆ ಹಿಟ್ಟು ಒತ್ತಿಕೊಂಡು 140, 150 ಆಗುತ್ತದೆ. ಕಪ್ಪನ್ನು ಕುಟ್ಟಿ ಕೂರಿಸಿದರೆ ಇನ್ನೂ ಜಾಸ್ತಿ. ಸಕ್ಕರೆಯ ಹರಳು ಹಾಗೆ ಒತ್ತಿಕೊಳ್ಳುವುದಿಲ್ಲ, ಅದಕ್ಕೇ ಅದರ ಅಂಕಿ ಅಷ್ಟು ಅಲುಗಾಡುವುದಿಲ್ಲ.

2 ಕಪ್ ಹಾಕಬೇಕಾದ ಕಡೆ ಈ ವ್ಯತ್ಯಾಸ 60 ಗ್ರಾಂ ಆಯಿತು. ಅಂದರೆ ಅರ್ಧ ಕಪ್ ಮೈದಾ ಜಾಸ್ತಿ. ಕೇಕ್ ಒಣಗಿ ಗಟ್ಟಿಯಾಗಲು ಅಷ್ಟು ಸಾಕು.

ನಾನು ಮೊದಲು ನೋಡುವುದು ರೆಸಿಪಿ ಬರೆದವರು ಬೇರೆಲ್ಲಾದರೂ ಗ್ರಾಂ ಕೊಟ್ಟಿದ್ದಾರಾ ಅಂತ. ಕೊಟ್ಟಿದ್ದರೆ ಅವರ ಕಪ್ ಎಷ್ಟು ತೂಗುತ್ತದೆ ಅಂತ ಗೊತ್ತಾಗುತ್ತದೆ, ಉಳಿದ ರೆಸಿಪಿಗೂ ಅದನ್ನೇ ಹಿಡಿಯುತ್ತೇನೆ. ಏನೂ ಸಿಗದಿದ್ದರೆ 125. ಹಿಟ್ಟು ಸಾಲದಿದ್ದರೆ ಕಲಸುವಾಗ ಒಂದು ಚಮಚ ಸೇರಿಸಬಹುದು. ಜಾಸ್ತಿಯಾದರೆ ತೆಗೆಯಲು ಬರುವುದಿಲ್ಲ.

ರೆಸಿಪಿ ಯಾವ ದೇಶದ್ದು ಅಂತಲೂ ನೋಡಿ. ಅಮೆರಿಕದ ಕಪ್ ಸುಮಾರು 237 ಎಂಎಲ್, ಆಸ್ಟ್ರೇಲಿಯಾದ್ದು 250, ಜಪಾನಿನದು 200. ಆಸ್ಟ್ರೇಲಿಯಾದ ಟೇಬಲ್‌ಸ್ಪೂನ್ ಕೂಡ 20 ಎಂಎಲ್, ಬೇರೆ ಕಡೆ ಸಾಮಾನ್ಯವಾಗಿ 15.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು, ಥ್ಯಾಂಕ್ಸ್. ಜರಡಿ ಹಿಡಿದು ತೂಗಬೇಕಾ, ತೂಗಿ ಜರಡಿ ಹಿಡಿಯಬೇಕಾ? ಉಪ್ಪು, ಯೀಸ್ಟ್ ಕೂಡ ತೂಗಬೇಕಾ?

ಉತ್ತರ 2:
ತೂಗುವವರಿಗೆ ಜರಡಿಯ ಚಿಂತೆಯೇ ಇಲ್ಲ. 125 ಗ್ರಾಂ ಜರಡಿಗೆ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಕಪ್‌ನಲ್ಲಿ ಅಳೆಯುವವರಿಗೆ ಮಾತ್ರ ಅದು ಮುಖ್ಯ, ಜರಡಿ ಹಿಡಿದ ಹಿಟ್ಟು ಉಬ್ಬಿಕೊಂಡಿರುತ್ತದೆ.

ಯೀಸ್ಟ್, ಬೇಕಿಂಗ್ ಪೌಡರ್‌ಗೆ ಟೀಸ್ಪೂನೇ ಇರಲಿ, ತಲೆ ಸವರಿ ಹಾಕಿ. ಅಡುಗೆಮನೆಯ ಮೆಷಿನ್ 1 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ, 2-3 ಗ್ರಾಂ ತೂಗಲು ಅದನ್ನು ನಂಬುವ ಹಾಗಿಲ್ಲ. ಉಪ್ಪಿಗೆ ಒಂದು ಎಚ್ಚರಿಕೆ: ನುಣ್ಣನೆಯ ಪುಡಿ ಉಪ್ಪು ಒಂದು ಟೀಸ್ಪೂನ್‌ಗೆ ಸುಮಾರು 6 ಗ್ರಾಂ, ಹಗುರ ಪದರದ ಉಪ್ಪಾದರೆ ಅದರ ಅರ್ಧದಷ್ಟೇ ಇರಬಹುದು.

ಉತ್ತರ 3:
ಔನ್ಸ್ ಕಂಡರೂ ಹುಷಾರಾಗಿರಿ. ಅದರಲ್ಲಿ ಎರಡು ಇವೆ. ದ್ರವದ ಔನ್ಸ್ ಅಳತೆಯದು, ಅಮೆರಿಕದ ಲೆಕ್ಕದಲ್ಲಿ ಸುಮಾರು 29.6 ಎಂಎಲ್. ತೂಕದ ಔನ್ಸ್ 28.35 ಗ್ರಾಂ. 8 ಔನ್ಸ್ ಚಾಕೊಲೇಟ್ ಚಿಪ್ಸ್ ಅಂತ ಬರೆದಿದ್ದರೆ ಅದು ತೂಕ, 227 ಗ್ರಾಂ. 8 ಔನ್ಸ್ ಹಿಡಿಯುವ ಕಪ್‌ನಲ್ಲಿ ಸುಮ್ನೆ ತುಂಬಿ ಹಾಕಿದರೆ ಸುಮಾರು 170 ಗ್ರಾಂ ಮಾತ್ರ ಹೋಗುತ್ತದೆ.